ಆ ಕಟ್ಟೆಯನ್ನು ಎತ್ತರಿಸಿ, ಸರಿಸಬೇಡಿ

ನಗರ ನವೀಕರಣ ಯೋಜನೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಬಂದರು ರಸ್ತೆಯ ಕೊನೆಯಲ್ಲಿರುವ ಗಡಿಯಾರದ ಕಟ್ಟೆಯನ್ನು ತಾವು ಕೆಡವುತ್ತಿಲ್ಲ ಎಂಬುದೇ ನನ್ನ ದೂರು. ಕೆಡವಿದ್ದರೆ ನಾಲ್ಕು ದಿನ ಮರುಗಿ ಸುಮ್ಮನಾಗಬಹುದಿತ್ತು. ತಾವು ಅದನ್ನು ಬುಡಸಮೇತ ಕತ್ತರಿಸಿ, ಲಾರಿಗೇರಿಸಿ, ಊರಿನ ಇನ್ನೊಂದು ತುದಿಯ ಹೊಸ ಮಾಲ್‌ನಲ್ಲಿ 'ನೆನಪಿನಂಗಳ' ಎಂಬ ಹೆಸರಿನ ಕೋಣೆಯೊಳಗೆ ಪ್ರತಿಷ್ಠಾಪಿಸಲು ಹೊರಟಿದ್ದೀರಿ. ಅದಕ್ಕೆ ತಂಪು ಗಾಳಿ, ಬಣ್ಣದ ದೀಪ, ಫೋಟೊ ತೆಗೆಸಿಕೊಳ್ಳುವವರು ನಿಲ್ಲಲು ಗುರುತು ಹಾಕಿದ ಜಾಗ ಎಲ್ಲವನ್ನೂ ಒದಗಿಸುತ್ತಿದ್ದೀರಿ. ಇದನ್ನು ಸಂರಕ್ಷಣೆ ಎಂದು ಕರೆದಿದ್ದೀರಿ. ನಾಗರಿಕರ ಭಾವನೆಗಳಿಗೆ ಇದಕ್ಕಿಂತ ಹೆಚ್ಚಿನ ಗೌರವವನ್ನು ಯಾವ ಕಚೇರಿ ತಾನೇ ತೋರಿಸೀತು?

ನಾನು ಯೋಜನೆಯ ವಿರೋಧಿಯಲ್ಲ. ವೃತ್ತಿಯಲ್ಲಿ ಭೂಮಾಪನದ ಎಂಜಿನಿಯರು. ಜಾವಾ ಕಡಲತಡಿಯ ನಮ್ಮ ಊರಿನ ಉತ್ತರ ಭಾಗ ವರ್ಷದಿಂದ ವರ್ಷಕ್ಕೆ ಪಾತಾಳದ ಕಡೆಗೆ ಪ್ರಯಾಣ ಮಾಡುತ್ತಿದೆ ಎಂಬುದನ್ನು ಅಳೆದು ತೋರಿಸಿದವರಲ್ಲಿ ನಾನೂ ಒಬ್ಬ. ತಮ್ಮ ವರದಿಯಲ್ಲಿರುವ ನೆಲಕುಸಿತದ ನಕ್ಷೆಗಳಲ್ಲಿ ಕೆಲವು ನನ್ನ ಮೇಜಿನಿಂದ ಬಂದವು. ನಮ್ಮ ಬೀದಿಯಲ್ಲಿ ಜನ ಮನೆಯ ನೆಲವನ್ನು ಮಣ್ಣು ತುಂಬಿ ತುಂಬಿ ಎಷ್ಟು ಎತ್ತರಿಸಿದ್ದಾರೆಂದರೆ, ಅಜ್ಜಂದಿರ ಕಾಲದ ಬಾಗಿಲು ಈಗ ಕಿಟಕಿಯಾಗಿದೆ. ಅಪ್ಪಂದಿರ ಕಾಲದ ಕಿಟಕಿ ಬೆಕ್ಕು ನುಸುಳುವ ಸಂದಾಗಿದೆ. ಹುಣ್ಣಿಮೆಯ ಭರತದಲ್ಲಿ ಕಡಲುಕ್ಕಿ ಉಪ್ಪುನೀರು ಕೇಳದೆ ಒಳಗೆ ಬಂದು, ಅಡುಗೆಮನೆಯಲ್ಲಿ ಕೂತು, ತನ್ನ ಹೊತ್ತಿಗೆ ತಾನೇ ಎದ್ದು ಹೋಗುತ್ತದೆ. ಆ ಪ್ರದೇಶಕ್ಕೆ ಮಣ್ಣು ತುಂಬಬೇಕು, ರಸ್ತೆ ಎತ್ತರಿಸಬೇಕು, ಪಂಪುಮನೆ ಕಟ್ಟಬೇಕು. ಇದೆಲ್ಲ ನಾನೇ ಹೇಳಿದ ಮಾತು. ಆ ಮಾತೇ ತಿರುಗಿ ನನ್ನ ಮನೆಯವರ ಬುಡಕ್ಕೆ ಬಂದೀತೆಂದು ಮಾತ್ರ ಎಣಿಸಿರಲಿಲ್ಲ.

ಈಗ ಆ ಕಟ್ಟೆಯ ಸುತ್ತ ಇರುವುದು ಜೊಂಡು, ನಿಂತ ನೀರು ಮತ್ತು ಕಂಟೇನರ್ ಲಾರಿಗಳ ಸಾಲು. ನಾನು ಹುಟ್ಟಿದಾಗ ಅಲ್ಲಿ ತಮನ್ ಲಿಂತಂಗ್ ಎಂಬ ವಿನೋದವನವಿತ್ತು: ಒಂದು ಜೈಂಟ್ ವೀಲು, ತಿರುಗುವ ಕುದುರೆಗಳು, ಗುಂಡಿಯಂಥ ಕೆರೆಯಲ್ಲಿ ಹಂಸದ ದೋಣಿಗಳು, ದೆವ್ವದ ಮನೆ. ನನ್ನ ತಂದೆ ಅಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದರು. ನೌಕರರ ವಸತಿಯ ಸಾಲು ದೆವ್ವದ ಮನೆಯ ಬೆನ್ನಿಗಿತ್ತು. ಊರಿನ ಮಕ್ಕಳು ಟಿಕೆಟು ಕೊಂಡು ಕಿರುಚಿಕೊಳ್ಳಲು ಬರುತ್ತಿದ್ದ ಗೋಡೆಯ ಇನ್ನೊಂದು ಮಗ್ಗುಲಿಗೆ ನಾವು ಬಟ್ಟೆ ಒಣಗಿಸುತ್ತಿದ್ದೆವು. ದೆವ್ವದ ಪಾತ್ರಧಾರಿ ಪಾ ಕಸ್ರಾನ್ ನಮ್ಮ ಪಕ್ಕದ ಮನೆಯವರು. ಬೆಳಗಿನ ಹೊತ್ತು ಅವರ ವೇಷದ ಮಾರುದ್ದದ ಕೂದಲು ನಮ್ಮ ತಂತಿಯ ಮೇಲೆ ತೂಗುತ್ತಿತ್ತು.

"ಏನ್ರೀ ಕಸ್ರಾನ್, ನಿಮ್ಮ ಕೂದ್ಲು ನನ್ನ ಸೀಗಡಿ ಹಪ್ಪಳದ ಮೇಲೆ ನೀರು ಸುರಿಸ್ತಿದೆ!" ಎಂದು ನನ್ನ ತಾಯಿ ಕೂಗುತ್ತಿದ್ದಳು.

"ದೆವ್ವಕ್ಕೂ ವಾರಕ್ಕೊಂದ್ಸಲ ತಲೆಸ್ನಾನ ಬೇಡ್ವಾ, ಬು? ಹೇನು ಬಿದ್ರೆ ಹೆದರಿಸೋದು ಹೆಂಗೆ?"

ಎಲ್ಲರೂ ಬು, ಅಂದರೆ ಅಮ್ಮ, ಎಂದು ಕರೆಯುತ್ತಿದ್ದ ನನ್ನ ತಾಯಿ ಸುಮಿರಾ ವನದ ಪ್ರಕಟಣೆಕಾರಳು. ಗಡಿಯಾರದ ಕಂಬದ ಪಕ್ಕದ ಗೂಡಂಗಡಿಯಷ್ಟು ಚಿಕ್ಕ ಕೋಣೆ ಅವಳದು. ಕಂಬದ ತುದಿಯಲ್ಲಿ ಕಬ್ಬಿಣದ ಧ್ವನಿವರ್ಧಕ, ಬುಡದಲ್ಲಿ ಆ ಕಟ್ಟೆ. ಕಳೆದುಹೋದ ಮಕ್ಕಳನ್ನು ಯಾರೇ ಕಂಡರೂ ತಂದು ಅದರ ಮೇಲೆ ಕೂರಿಸುತ್ತಿದ್ದರು. ದೊಡ್ಡವರ ಎದೆಮಟ್ಟಕ್ಕಿದ್ದ ಕಟ್ಟೆ ಅದು. ಹುಡುಕುವವರಿಗೆ ಮಗು ಕಾಣಬೇಕು, ಮಗುವಿಗೂ ಹುಡುಕುವವರು ಕಾಣಬೇಕು ಎಂದು ಹಾಗೆ ಕಟ್ಟಿದ್ದರು. ಅತ್ತರೆ ಒಬ್ಬರೇ ಅಳಬಾರದೆಂದು, ಪಕ್ಕದಲ್ಲಿ ಕೂರುವ ಕೆಲಸ ನನ್ನದಾಗಿತ್ತು. ಬೇರೆ ಹುಡುಗರು ಬಾಲ್ಯದಲ್ಲಿ ಗಾಳಿಪಟ ಹಾರಿಸಿದರು. ನಾನು ಪರರ ಮಕ್ಕಳ ಪಕ್ಕ ಕಾಲು ತೂಗಿಬಿಟ್ಟುಕೊಂಡು ಕೂತೆ.

ತಾಯಿ ಪ್ರತಿ ಮಗುವಿಗೂ ಒಂದೇ ಮಾತು ಹೇಳುತ್ತಿದ್ದಳು: "ಕಳೆದುಹೋಗಿರೋದು ನೀನಲ್ಲ ಕಂದಾ. ನೀನು ಇಲ್ಲೇ ಇದೀಯ, ನನ್ನ ಕಣ್ಮುಂದೆ. ಕಳೆದುಹೋಗಿರೋರು ನಿಮ್ಮಪ್ಪ ಅಮ್ಮ. ಪಾಪ, ಅವರಿಗೆ ದಾರಿ ಗೊತ್ತಾಗ್ಬೇಕಲ್ಲ, ನೀನು ಅಲ್ಲಾಡ್ಬೇಡ." ಧ್ವನಿವರ್ಧಕದಲ್ಲಿ ಅವಳು ಮಗುವಿನ ಹೆಸರನ್ನು ಎಂದೂ ಹೇಳುತ್ತಿರಲಿಲ್ಲ. ಅಂಗಿಯ ಬಣ್ಣ, ವಯಸ್ಸಿನ ಅಂದಾಜು, ಅಷ್ಟೇ. ಹೆಸರು ಸಾರಿದರೆ ಯಾವನು ಬೇಕಾದರೂ ಬಂದು ಆ ಹೆಸರನ್ನು ಕೂಗಿ ಕೈಹಿಡಿದು ಕರೆದೊಯ್ದಾನು. ಹೆಸರನ್ನು ಬಂದವರೇ ಹೇಳಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೂ ತಮ್ಮ ಕಚೇರಿಯ ಎಷ್ಟೋ ನಿಯಮಗಳಿಗಿಂತ ಗಟ್ಟಿಯಾಗಿ ನಡೆಯಿತು.

ನನಗೆ ಒಂಬತ್ತು ವರ್ಷವಾಗಿದ್ದಾಗ, ಉಪವಾಸದ ತಿಂಗಳು ಮುಗಿದು ಬರುವ ಲೆಬರಾನ್ ಹಬ್ಬದ ಎರಡನೆಯ ದಿನ, ಮೂರು ವರ್ಷದ ಹೆಣ್ಣುಮಗುವೊಂದನ್ನು ತಂದು ಕೂರಿಸಿದರು. ಹಳದಿ ಫ್ರಾಕು, ಒಂದೇ ಕಾಲಿಗೆ ಚಪ್ಪಲಿ, ಮಣಿಕಟ್ಟಿಗೆ ಹಸಿರು ಬಟ್ಟೆಯ ಚೂರು. ಹೆಸರು ಕೇಳಿದರೆ "ನೊಕ್" ಎಂದಿತು. ನಮ್ಮ ಕರಾವಳಿಯಲ್ಲಿ ಎಲ್ಲ ಹೆಣ್ಣುಮಕ್ಕಳನ್ನೂ ನೊಕ್ ಎಂದೇ ಕರೆಯುವುದು; ಮಗುವಿಗೆ ತನ್ನ ನಿಜವಾದ ಹೆಸರು ಇನ್ನೂ ಬಾಯಿಗೆ ಬಂದಿರಲಿಲ್ಲ. ತಾಯಿ ಸಂಜೆಯವರೆಗೆ ಸಾರಿದಳು. ಕತ್ತಲಾಗುವ ಹೊತ್ತಿಗೆ ಒಳ್ಳೆಯ ಬಟ್ಟೆ ತೊಟ್ಟ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದರು.

"ನಮ್ದೇ ಮಗು. ಬಾ ಬಾ, ಹೋಗೋಣ," ಎಂದಳು ಹೆಂಗಸು.

"ಸಂತೋಷ. ಹೆಸರೇನು ಮಗೂದು?"

"ನೊಕ್."

"ಅದು ಊರಿಗೆಲ್ಲಾ ಹೆಸರು ತಾಯೀ. ಈ ಹುಡುಗೀದು ಹೇಳಿ."

ಹೆಂಗಸು ಮಗುವಿನತ್ತ ಕೈಚಾಚಿದಳು. ಮಗು ಅವರತ್ತ ತಿರುಗಲೂ ಇಲ್ಲ. ನನ್ನ ಅಂಗಿಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಜೈಂಟ್ ವೀಲಿನ ದೀಪ ನೋಡುತ್ತಿತ್ತು. ಗಂಡಸು ಗಟ್ಟಿ ದನಿಯಲ್ಲಿ, "ನಮಗೆ ಮಕ್ಕಳಿಲ್ಲ, ಚೆನ್ನಾಗಿ ಸಾಕ್ತೀವಿ, ಇಲ್ಲಿ ಬಿದ್ದಿರೋದಕ್ಕಿಂತ ವಾಸಿ ಅಲ್ವಾ?" ಎಂದ. ನನ್ನ ತಾಯಿ, "ಬಿದ್ದಿಲ್ಲ ಸ್ವಾಮೀ, ಕೂತಿದಾಳೆ. ಕಣ್ಣು ಕಾಣಲ್ವಾ?" ಎಂದಳು. ಅವರು ಹೊರಟುಹೋದರು. ಬೇರೆ ಯಾರೂ ಬರಲಿಲ್ಲ.

ಹಸಿರು ಬಟ್ಟೆಯ ಅರ್ಥ ಮರುದಿನ ಬೆಳಿಗ್ಗೆ ತಂದೆಗೆ ಹೊಳೆಯಿತು. ಜಾವಾದಲ್ಲಿ ನೆಲವಿಲ್ಲದ ಕುಟುಂಬಗಳನ್ನು ಸರ್ಕಾರ ಹಡಗು ಹತ್ತಿಸಿ ದೂರದ ದ್ವೀಪಗಳಿಗೆ ಸಾಗಿಸುತ್ತಿದ್ದ ಕಾಲ ಅದು. ಬಂದರಿನ ಪಕ್ಕದ ಬಿಡಾರದಲ್ಲಿ ಹಡಗು ಕಾಯುವವರಿಗೆ ಗುಂಪಿಗೊಂದು ಬಣ್ಣದ ಬಟ್ಟೆ ಕಟ್ಟುತ್ತಿದ್ದರು. ತಂದೆ ಸೈಕಲ್ಲೇರಿ ಓಡಿದರು. ಬಿಡಾರ ಖಾಲಿ, ಹಸಿರು ಗುಂಪಿನ ಹಡಗು ರಾತ್ರಿಯೇ ಹೊರಟಿತ್ತು. ಹಡಗು ಹತ್ತುವಾಗ ಮಗುವಿನ ತಾಯಿಯ ಸಾಲಿನವರು ಅದು ಅಜ್ಜಿಯ ಸಾಲಿನಲ್ಲಿದೆ ಎಂದುಕೊಂಡಿರಬಹುದು, ಅಜ್ಜಿಯ ಸಾಲಿನವರು ತಾಯಿಯ ಸಾಲಿನಲ್ಲಿದೆ ಎಂದು. ಇದು ಊಹೆ, ಊಹೆಯನ್ನು ಊಹೆಯೆಂದೇ ಬರೆಯುವುದು ನನ್ನ ವೃತ್ತಿಯ ಅಭ್ಯಾಸ. ನನ್ನ ಹೆತ್ತವರು ಅಲೆಯದ ಕಚೇರಿಯಿಲ್ಲ. ಒಂದು ಕಚೇರಿಯವರು, ಹೆಸರಿಲ್ಲದ ಮಗುವನ್ನು ಹುಡುಕುವುದು ಹೇಗೆ ಎಂದರಂತೆ. ಮಗು ಸಿಕ್ಕಿದೆ, ಹುಡುಕಬೇಕಾದ್ದು ಹೆತ್ತವರನ್ನು ಎಂದು ತಾಯಿ ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ಅರ್ಥವಾಗಲಿಲ್ಲವಂತೆ.

ನೊಕ್ ನಮ್ಮ ಮನೆಯಲ್ಲಿ ಬೆಳೆದಳು. ಶಾಲೆಗೆ ಸೇರಿಸುವಾಗ ಒಂದು ಹೆಸರು ಬರೆಸಬೇಕಾಯಿತು. ಅದನ್ನು ಇಲ್ಲಿ ಬರೆಯಲು ಅವಳ ಒಪ್ಪಿಗೆಯಿಲ್ಲ. ಅದು ತಾತ್ಕಾಲಿಕ ಹೆಸರು ಎಂದೇ ಇಂದಿಗೂ ಅವಳ ನಂಬಿಕೆ. ನಾನು ತಾಂತ್ರಿಕ ಕಾಲೇಜಿನಲ್ಲಿದ್ದಾಗ ವನ ಮುಚ್ಚಿತು. ಕುದುರೆಗಳು, ಹಂಸಗಳು, ಜೈಂಟ್ ವೀಲು ಗುಜರಿಗೆ ಹೋದವು. ಹೊರಲಾರದಷ್ಟು ಭಾರವಿದ್ದ ಒಂದೇ ಕಾರಣಕ್ಕೆ ಕಟ್ಟೆ ಉಳಿಯಿತು, ಅದರಲ್ಲಿ ನೆಟ್ಟ ಕಂಬವೂ ತುದಿಯ ಕೆಟ್ಟ ಧ್ವನಿವರ್ಧಕವೂ ಜೊತೆಗೇ ಉಳಿದವು. ನೊಕ್ ಈಗ ಮೀನಿಗೆ ಹೊಗೆ ಹಾಕುವ ಗುಡಿಸಲು ನಡೆಸುತ್ತಾಳೆ. ಮದುವೆಯಾಗಿದೆ, ಮಕ್ಕಳು ದೊಡ್ಡವರಾಗಿದ್ದಾರೆ. ಪ್ರತಿ ಲೆಬರಾನ್‌ನ ಎರಡನೆಯ ದಿನ ಅವಳು ಆ ಕಟ್ಟೆಯ ಮೇಲೆ ಹೋಗಿ ಕೂರುತ್ತಾಳೆ. ಹಬ್ಬಕ್ಕೆ ಇಡೀ ದೇಶ ದ್ವೀಪ ದ್ವೀಪಗಳಿಂದ ಊರಿಗೆ ಮರಳುತ್ತದೆಯಲ್ಲ, ಆ ಹಡಗಿನವರೂ ಒಂದು ವರ್ಷ ಮರಳಬಹುದು. ಮರಳಿದರೆ ಎಲ್ಲಿಗೆ ಬಂದಾರು? ಕಳೆದುಕೊಂಡ ಜಾಗಕ್ಕೇ. ನನ್ನ ತಾಯಿ ಬದುಕಿದ್ದವರೆಗೆ ಪಕ್ಕದಲ್ಲಿ ಕೂರುತ್ತಿದ್ದಳು. ಆಮೇಲೆ ನನ್ನ ಹಳೆಯ ಕೆಲಸ ನನಗೇ ಬಂತು.

ಲಾರಿಯವರು ಛೇಡಿಸುವುದುಂಟು: "ಏನ್ ನೊಕ್, ಈ ವರ್ಷಾನೂ ಮಹಾರಾಣಿ ಸಿಂಹಾಸನ ಏರಿದ್ರಾ?"

"ಏರಿದೀನಿ. ಕಪ್ಪಕಾಣಿಕೆ ಎಲ್ಲಿ? ಹೋಗಿ ಒಂದು ಎಳನೀರು ತಗೊಂಡ್ ಬಾ."

ಅವರು ಬಂದರೆ ಏನು ಕೇಳುತ್ತೀ ಎಂದು ನಾನೊಮ್ಮೆ ವಿಚಾರಿಸಿದೆ. ನನ್ನನ್ನು ಅವಳು ಮಾಸ್ ಎನ್ನುತ್ತಾಳೆ, ಅಣ್ಣ ಎಂದು. "ಯಾಕೆ ಬಿಟ್ಟುಹೋದ್ರಿ ಅಂತ ಕೇಳಲ್ಲ, ಮಾಸ್. ಅದೆಲ್ಲ ಹಳೇದಾಯ್ತು. ನನ್ನ ಹೆಸರೇನು ಅಂತ ಕೇಳ್ತೀನಿ. ಹೇಳಿಬಿಟ್ರೆ ಸಾಕು, ಎದ್ದು ಹೋಗಿ ಮೀನು ತಿರುಗಿಸ್ತೀನಿ. ಸೀದು ಹೋಗ್ತಿರುತ್ತೆ."

ಇಷ್ಟನ್ನೂ ಕಳೆದ ತಿಂಗಳ ಸಾರ್ವಜನಿಕ ಸಭೆಯಲ್ಲಿ ತಮ್ಮೆದುರು ಹೇಳಿದೆವು. ತಮ್ಮ ಸಹಾಯಕರು ಮೃದು ಸ್ವಭಾವದ ಯುವಕರು. "ಬು, ಚಿಂತೆ ಮಾಡ್ಬೇಡಿ, ಕಟ್ಟೆ ಎ.ಸಿ.ಯಲ್ಲಿ ಇರುತ್ತೆ. ನೀವೂ ಬಂದು ಕೂತ್ಕೋಬಹುದು. ಹಬ್ಬದ ದಿನ ಹಳದಿ ಫ್ರಾಕ್ ಹಾಕ್ಕೊಂಡು ಕೂತ್ರೆ ಜನ ಫೋಟೊ ತಗೋತಾರೆ. ಗೌರವಧನಾನೂ ಕೊಡ್ತೀವಿ," ಎಂದರು.

ನೊಕ್ ಎದ್ದು ನಿಂತಳು. "ಮಗಾ, ಈ ವಯಸ್ಸಲ್ಲಿ ನಾನು ಹಳದಿ ಫ್ರಾಕ್ ಹಾಕ್ಕೊಂಡು ಕೂತ್ರೆ, ಹುಡುಕ್ಕೊಂಡು ಬಂದೋರು ಕೂಡ ಇದು ನಮ್ದಲ್ಲಪ್ಪಾ ಅಂತ ಓಡಿಹೋಗ್ತಾರೆ."

ಸಭೆ ನಕ್ಕಿತು. ತಾವೂ ನಕ್ಕಿರಿ. ನಗು ನಿಂತ ಮೇಲೆ ಅವಳು ಕೇಳಿದಳು: "ಸರಿ, ಅವ್ರು ಬಂದು ಬಂದರು ರಸ್ತೇಲಿ ನಿಂತ್ಕೊಂಡ್ರು ಅಂತಿಟ್ಕೊಳ್ಳಿ. ನಾನು ಮಾಲ್‌ನಲ್ಲಿದೀನಿ ಅಂತ ಅವ್ರಿಗೆ ಹೇಳೋರು ಯಾರು?"

"ಒಂದು ಬೋರ್ಡ್ ಹಾಕ್ಸೋಣ," ಎಂದಿರಿ ತಾವು, ಮತ್ತು ಮುಂದಿನ ವಿಷಯಕ್ಕೆ ಹೋದಿರಿ.

ಬೋರ್ಡು! ಅಕ್ಷರ ಬಾರದೆ, ಕೈಗೆ ಕಟ್ಟಿದ ಬಟ್ಟೆಯ ಬಣ್ಣದಿಂದ ತಮ್ಮ ಗುಂಪನ್ನು ಗುರುತಿಸಿಕೊಂಡು ಹಡಗು ಹತ್ತಿದವರಿಗೆ ಒಂದು ಬೋರ್ಡು. ಅದೂ ಭರತಕ್ಕೊಮ್ಮೆ ಮುಳುಗುವ ಜಾಗದಲ್ಲಿ. ಜೀವಮಾನದ ಉಳಿತಾಯ ಸುರಿದು ಹಬ್ಬಕ್ಕೆ ಬಂದಿಳಿದ ಮುದುಕಿ ಅದನ್ನು ಓದಿ, ಎರಡು ಬಸ್ಸು ಬದಲಿಸಿ, ಮಾಲ್‌ನ ಕಾವಲುಗಾರನಿಗೆ ಚೀಲ ಬಿಚ್ಚಿ ತೋರಿಸಿ, ತಿರುಗುವ ಮೆಟ್ಟಿಲು ಹತ್ತಿ ತನ್ನ ಮಗಳನ್ನು ತಲುಪಬೇಕು ಎಂಬುದು ತಮ್ಮ ಏರ್ಪಾಡು. ಅಷ್ಟು ಜಾಣತನವಿದ್ದಿದ್ದರೆ ಆಕೆ ಅಂದು ಮಗುವನ್ನು ಕಳೆದುಕೊಳ್ಳುತ್ತಲೇ ಇರಲಿಲ್ಲವಲ್ಲ, ಮಾನ್ಯರೇ?

ನನಗೆ ದಣಿವಾಗಿದೆ. ಕೂಗಾಡುವ ಅಭ್ಯಾಸವೂ ಇಲ್ಲ. ಆದುದರಿಂದ ನನಗೆ ತಿಳಿದ ಶಾಸ್ತ್ರದ ಮಾತನ್ನಷ್ಟೇ ಹೇಳುತ್ತೇನೆ. ಭೂಮಾಪನದಲ್ಲಿ ಮೊದಲು ಒಂದು ಸ್ಥಿರಬಿಂದುವನ್ನು ನೆಡುತ್ತೇವೆ; ಮಿಕ್ಕೆಲ್ಲವನ್ನೂ ಅದರಿಂದ ಅಳೆಯುತ್ತೇವೆ. ಆ ಕಲ್ಲನ್ನು ತೊಳೆದು, ಬಣ್ಣ ಬಳಿದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೇರೆಡೆಗೆ ಒಯ್ದರೆ ಕಲ್ಲು ಉಳಿಯುತ್ತದೆ, ಬಿಂದು ಹೋಗುತ್ತದೆ. ತಾವು ಉಳಿಸಲು ಹೊರಟಿರುವುದು ಕಾಂಕ್ರೀಟನ್ನು. ನಮ್ಮ ಪಾಲಿಗೆ ಆ ಕಟ್ಟೆಯಲ್ಲಿ ಕಾಂಕ್ರೀಟಿನ ಬೆಲೆ ಏನೂ ಇಲ್ಲ; ಇರುವುದೆಲ್ಲ ಅದು ಇರುವ ಜಾಗದ ಬೆಲೆ.

ಆ ಕಟ್ಟೆಯನ್ನು ನಾನು ಹಲವು ಸಲ ಅಳೆದಿದ್ದೇನೆ. ನಮ್ಮನ್ನು ಎತ್ತಿ ಕೂರಿಸಬೇಕಾಗಿದ್ದ ಕಟ್ಟೆ ತನ್ನ ಭಾರಕ್ಕೆ ಹೂತು ಈಗ ಮೊಣಕಾಲ ಮಟ್ಟಕ್ಕಿದೆ. ಭರತದ ಹೊತ್ತಿನಲ್ಲಿ ಕೂತರೆ ನೊಕ್‌ಳ ಪಾದಗಳು ನೀರಿನಲ್ಲಿರುತ್ತವೆ. ಅದು ಕುಸಿದಿದೆ, ಆದರೆ ಆಚೀಚೆ ಒಂದು ಬೆರಳಿನಷ್ಟೂ ಸರಿದಿಲ್ಲ. ಕಾಲಡಿಯ ನೆಲವೇ ಇಳಿಯುತ್ತಿದ್ದರೂ ಅದು ತಾನಿರುವಲ್ಲೇ ಇದೆ. ನನ್ನ ತಾಯಿ ಅಳುವ ಮಕ್ಕಳಿಗೆ ಹೇಳುತ್ತಿದ್ದುದೂ ಅದನ್ನೇ.

ಆದುದರಿಂದ ನನ್ನ ಬೇಡಿಕೆ ಇಷ್ಟು. ಮಣ್ಣು ತುಂಬಿ, ರಸ್ತೆ ಎತ್ತರಿಸಿ. ಜೊತೆಗೆ ಆ ಕಟ್ಟೆಯನ್ನೂ ಅದೇ ಲಂಬರೇಖೆಯಲ್ಲಿ ಮೇಲಕ್ಕೆತ್ತಿ. ಅಡಿಯಲ್ಲಿ ಜಾಕ್ ಇಟ್ಟು ಮೂರಂತಸ್ತಿನ ಮನೆಗಳನ್ನೇ ಎತ್ತುತ್ತಿರುವ ಕಾಲ ಇದು. ಕಟ್ಟೆಯ ಜಾಗದಲ್ಲಿ ತಾವು ಗುರುತಿಸಿರುವ ಪಂಪುಮನೆಯನ್ನು ಸ್ವಲ್ಪ ಪಶ್ಚಿಮಕ್ಕೆ ಕಟ್ಟಿದರೆ ಯಾವ ನಷ್ಟವೂ ಇಲ್ಲ. ನಕ್ಷೆಯನ್ನು ನಾನೇ ಬರೆದುಕೊಡುತ್ತೇನೆ. ತಮ್ಮ ನೆನಪಿನಂಗಳಕ್ಕೆ ಬೇಕಿದ್ದರೆ ಇಂಥದೇ ಇನ್ನೊಂದು ಕಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿಕೊಳ್ಳಿ. ಫೋಟೊದಲ್ಲಿ ಅದೇ ಚೆನ್ನಾಗಿ ಬೀಳುತ್ತದೆ.

ಎತ್ತುವ ಕೆಲಸ ಮುಗಿದ ಮೇಲೆ, ಕಂಬದ ತುದಿಯ ಧ್ವನಿವರ್ಧಕವನ್ನು ಒಮ್ಮೆ ರಿಪೇರಿ ಮಾಡಿಸಿ. ಬರುವ ಲೆಬರಾನ್‌ನ ಎರಡನೆಯ ದಿನ ಈ ನಾಲ್ಕು ಸಾಲುಗಳನ್ನು ತಮ್ಮ ಕಚೇರಿಯ ಯಾರಾದರೂ ಓದಲಿ: "ಹಳದಿ ಫ್ರಾಕು ತೊಟ್ಟಿದ್ದ, ಒಂದೇ ಚಪ್ಪಲಿಯಿದ್ದ, ಕೈಗೆ ಹಸಿರು ಬಟ್ಟೆ ಕಟ್ಟಿದ್ದ ಹೆಣ್ಣುಮಗು ಗಡಿಯಾರದ ಕಟ್ಟೆಯ ಮೇಲೆ ಕೂತಿದ್ದಾಳೆ. ಆರೋಗ್ಯವಾಗಿದ್ದಾಳೆ. ಊಟ ಆಗಿದೆ. ಮನೆಯವರು ಗಾಬರಿಯಾಗದೆ ಬರಬೇಕು."

ಹೆಸರನ್ನು ಸೇರಿಸಲು ಹೋಗಬೇಡಿ. ಅದು ನಮ್ಮ ಬಳಿಯೂ ಇಲ್ಲ. ಬಂದವರೇ ಹೇಳಬೇಕು.

ಇಂತಿ,
ತಮ್ಮ ವರದಿಗೆ ಅಂಕಿ ಒದಗಿಸಿದ್ದಕ್ಕೆ ಈ ಪತ್ರ ಬರೆಯಬೇಕಾಗಿ ಬಂದ,
ಈಗಲೂ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರುವ,
ವಾಸಿಸ್