ಷಡಕ್ಷರಪ್ಪನವರ ಕಾಲು ಮೈಲಿ

ಅರಸೀಕೆರೆ
೧೧ ಫೆಬ್ರವರಿ ೨೦೨೫, ಮಂಗಳವಾರ, ಮಧ್ಯಾಹ್ನ

ಮೇಧಿನಿಯ ಅಪ್ಪನಿಗೆ ಯದುಗಿರಿಯ ನಮಸ್ಕಾರ.

ನೀವು ಮೈಸೂರಿಗೆ, ಮಗಳ ಮನೆಗೆ ಹೋಗಿ ಮೂರು ವಾರವಾಯಿತು. ಕಿವಿ ಹೇಗಿದೆ? ಕೇಳುವ ಯಂತ್ರ ಕೂರಿಸಿದ ಕಡೆ ತುರಿಕೆ ಎಂದು ಬರೆದಿದ್ದಿರಿ, ಕೆರೆದುಕೊಳ್ಳಬೇಡಿ. ಪಾತ್ರೆ ತೊಳೆಯುವ ಸದ್ದು ಇಷ್ಟು ಜೋರಿರುತ್ತದೆ ಎಂದು ಮರೆತೇ ಹೋಗಿತ್ತು, ಕಾಗೆಗಳಂತೂ ಸಹಿಸಲಸಾಧ್ಯ ಎಂದೂ ಬರೆದಿದ್ದಿರಿ. ಅದನ್ನು ಓದಿ ನಗು ಬಂತು, ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಕಾಗೆಗಳನ್ನೇ ಕೇಳಿಸಿಕೊಂಡೆ. ನೀವು ಹೇಳಿದ್ದು ನಿಜ. ಸಕ್ಕರೆ ಮಾತ್ರೆ ತಪ್ಪಿಸಬೇಡಿ. ಅಭ್ಯಾಸ ಮಾಡಿಸುವ ಹುಡುಗಿ ಒಂದೊಂದೇ ಪದ ಹೇಳಿ ತಿರುಗಿ ಹೇಳಿಸುತ್ತಾಳಂತೆ, ಅವಳ ಮೇಲೆ ರೇಗಬೇಡಿ.

ನಾನು ಚೆನ್ನಾಗಿದ್ದೇನೆ. ಗ್ರಂಥಾಲಯದಿಂದ ತಂದ ಕಾದಂಬರಿ ಅರ್ಧಕ್ಕೆ ನಿಂತಿದೆ. ಯಾವುದೋ ಹಿಮದ ದೇಶದ್ದು, ಕನ್ನಡಕ್ಕೆ ಚೆನ್ನಾಗಿ ತಂದಿದ್ದಾರೆ. ಅದರಲ್ಲಿ ಜನ ಒಬ್ಬರಿಗೊಬ್ಬರು ಬಹಳ ದಿನ ಏನನ್ನೂ ಹೇಳದೆ ಇರುತ್ತಾರೆ. ಅದು ನನಗೆ ವಿಚಿತ್ರ ಎನಿಸಲಿಲ್ಲ.

ಫೋನಿನಲ್ಲಿ ಹೇಳಿದರೆ ನಿಮಗೆ ಇನ್ನೂ ಸರಿಯಾಗಿ ತಿಳಿಯುವುದಿಲ್ಲ. ಮೆಸೇಜು ಹಾಕಿದರೆ ಅದು ಮೊದಲು ಮೇಧಿನಿಯ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಕಾಗದ. ಈಗ ಹೇಳುವ ವಿಷಯವನ್ನು ಅಪ್ಪನಿಗೆ ತಿಳಿಸಬೇಡ, ಅಲ್ಲಿಂದ ಎದ್ದು ಬಂದುಬಿಡುತ್ತಾರೆ ಎಂದು ಅವಳು ನನಗೆ ಎರಡು ಸಲ ಹೇಳಿದ್ದಾಳೆ. ಅವಳ ಆತಂಕ ತಪ್ಪಲ್ಲ. ಜೋರು ಸದ್ದಿನ ಹತ್ತಿರ ಸುಳಿದರೆ ಉಳಿದಿರುವ ಚೂರೂ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ನಾನೂ ಅಲ್ಲೇ ಕೂತಿದ್ದೆ. ಆದರೆ ನಿಮ್ಮ ರಸ್ತೆಯ ಸುದ್ದಿ ನಿಮಗೆ ಎಲ್ಲರಿಗಿಂತ ಕೊನೆಯಲ್ಲಿ ಗೊತ್ತಾಗುವುದು ನನಗೆ ಸರಿಕಾಣಲಿಲ್ಲ.

ಷಡಕ್ಷರಪ್ಪನವರು ತೋಟದ ರಸ್ತೆಯನ್ನು ಕೀಳಿಸುತ್ತಿದ್ದಾರೆ. ಸೋಮವಾರ ಜೆಸಿಬಿ ಬರುತ್ತದೆ. ಭಾನುವಾರ, ಹದಿನಾರಕ್ಕೆ, ಗಾಡಿಗಳ ಕೊನೆಯ ಓಟ.

ಯಾರ ಮೇಲೂ ಕೋಪ ಮಾಡಿಕೊಳ್ಳಬೇಡಿ. ಹೋದ ವಾರ ಅವರೇ ಮನೆಗೆ ಬಂದು ಹೇಳಿದರು. ಎಂಬತ್ತಾರು ದಾಟಿತು, ಆದರೂ ನಮ್ಮ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಎಣ್ಣೆ ಮಿಲ್ಲು ಕಟ್ಟುತ್ತೇನೆಂದು ಅವರು ತೋಟದ ನಡುವೆ ಆ ರಸ್ತೆ ಹಾಕಿಸಿದಾಗ ಅವರ ತಾಯಿ ನೆಟ್ಟಿದ್ದ ಎರಡು ಸಾಲು ತೆಂಗನ್ನು ಕಡಿಸಿದ್ದರಂತೆ. ಆ ವಿಷಯ ನಿಮಗೆ ಗೊತ್ತಿತ್ತೋ ಇಲ್ಲವೋ. ಮಿಲ್ಲು ಬರಲಿಲ್ಲ. ರಸ್ತೆ ಮಾತ್ರ ಜಾವಗಲ್ ದಾರಿಯಿಂದ ಒಳಗೆ ನೆಟ್ಟಗೆ ಹೋಗಿ, ಖಾಲಿ ಮೈದಾನದ ಮುಂದೆ ಸುಮ್ಮನೆ ನಿಂತಿತು. "ಎರಡು ಸಾಲು ಕಡಿದೋನು ಎರಡು ಸಾಲು ನೆಟ್ಟು ಹೋಗ್ಬೇಕಲ್ವಾ ತಾಯಿ" ಎಂದರು. ಕಾಫಿ ಪೂರ್ತಿ ಕುಡಿಯಲಿಲ್ಲ. ಹೊರಡುವಾಗ ನಿಮ್ಮ ಎಜ್ಡಿ ಬೈಕಿನ ಮೇಲಿನ ಟಾರ್ಪಾಲನ್ನು ಸ್ವಲ್ಪ ಎತ್ತಿ ನೋಡಿ ಮತ್ತೆ ಮುಚ್ಚಿದರು.

ಅವರು ಹೋದ ಮೇಲೆ ಹಳೆಯದೆಲ್ಲ ನೆನಪಾಯಿತು. ನಾನು ಮದುವೆಯಾಗಿ ಬಂದ ಮರುವರ್ಷ. ನೀವು ರೈಲ್ವೆಯಲ್ಲಿ ಫಿಟ್ಟರು. ಮಾಲೇಕಲ್ಲು ಬೆಟ್ಟದ ಗುಡಿಯಲ್ಲಿ ಪೂಜೆ ಮಾಡುತ್ತಿದ್ದ ನಿಮ್ಮ ತಂದೆಗೆ ನಿಮ್ಮ ಉಗುರಿನ ಗ್ರೀಸು ಕಂಡರೆ ಆಗುತ್ತಿರಲಿಲ್ಲ. ಆ ಭಾನುವಾರ ಅಪ್ಪನನ್ನು ನೋಡಿಕೊಂಡು ಬರುತ್ತೇನೆಂದು ಹೊರಟವರು ಸಂಜೆ ಮೈಯೆಲ್ಲ ಕೆಂಪು ಧೂಳಿನಲ್ಲಿ ಬಂದಿರಿ. ಬೆಟ್ಟದ ಮೇಲೆ ಇಷ್ಟು ಧೂಳು ಎಲ್ಲಿಂದ ಬಂತು ಎಂದು ಕೇಳಿದೆ. ನಿಮಗೆ ಸುಳ್ಳು ಹೇಳಲು ಆಗಲೂ ಬರುತ್ತಿರಲಿಲ್ಲ. ಷಡಕ್ಷರಪ್ಪನವರ ಮಗ ಕುಮಾರಸ್ವಾಮಿಯ ರಾಜದೂತಿಗೂ ನಿಮ್ಮ ಎಜ್ಡಿಗೂ ಪಂದ್ಯವಂತೆ. ರೈಲ್ವೆ ಟೇಪು ಹಿಡಿದು ಕಾಲು ಮೈಲಿ ಅಳೆದು, ಕೊನೆಯಲ್ಲಿ ಎರಡು ಕಡೆಯ ತೆಂಗಿನ ಮರಗಳಿಗೆ ಸುಣ್ಣ ಬಳಿದಿದ್ದಿರಂತೆ. ಓಡಿಸುವುದಕ್ಕಿಂತ ಅಳೆಯುವುದಕ್ಕೇ ನಿಮಗೆ ಹೆಚ್ಚು ಹೊತ್ತು ಹಿಡಿದಿರಬೇಕು.

ಸದ್ದು ಕೇಳಿ ಕುಮಾರಸ್ವಾಮಿಯ ತಾಯಿ ಮಹದೇವಮ್ಮ ತೋಟದ ಮನೆಯಿಂದ ಓಡಿ ಬಂದದ್ದನ್ನು ನೀವು ಎಷ್ಟು ಸಲ ಹೇಳಿದ್ದೀರೋ. ಎರಡು ಗಾಡಿಗಳ ಮುಂದೆ ಅಡ್ಡ ನಿಂತು, ಒಂದು ಕೈ ಮೇಲೆತ್ತಿ, "ಏನ್ಲಾ ಇದು, ನನ್ ತೋಟ ಏನು ಬಸ್‌ಸ್ಟ್ಯಾಂಡಾ? ಕಾಲು ಮುರೀತೀನಿ ಇಬ್ರುದೂವೆ" ಎಂದು ಬೈದು ಬೈದು ಸುಸ್ತಾಗಿ, ಪಕ್ಕಕ್ಕೆ ಸರಿದು ಕೈ ಇಳಿಸಿದರು. ಕೈ ಇಳಿದದ್ದೇ ತಡ, ನೀವಿಬ್ಬರೂ ಹೊರಟೇಬಿಟ್ಟಿರಿ. ಮುಂದೆ ಅದೇ ಪದ್ಧತಿಯಾಯಿತು. ಬಾವುಟವಿಲ್ಲ, ಪೀಪಿಯಿಲ್ಲ. ಮಹದೇವಮ್ಮ ಕೈಯೆತ್ತಿ ಒಂದಿಷ್ಟು ಬೈಯಬೇಕು, ಆಮೇಲೆ ಇಳಿಸಬೇಕು. ಬೇಲೂರು, ಹಳೇಬೀಡು, ತಿಪಟೂರಿನಿಂದ ಬಂದ ಹುಡುಗರು ಅವರ ಬೈಗುಳ ಮುಗಿಯುವ ತನಕ ಕ್ಲಚ್ಚು ಹಿಡಿದು ಕಾಯುತ್ತಿದ್ದರು. ಬಸ್ತಿಹಳ್ಳಿಯ ತಮ್ಮಯ್ಯ ಬಿದ್ದು ತಲೆಗೆ ಪೆಟ್ಟಾದ ಮೇಲೆ ಮಹದೇವಮ್ಮನವರದು ಇನ್ನೊಂದು ಕಟ್ಟಳೆ ಸೇರಿತು. "ತಲೆಗೆ ಮಡಕೆ ಹಾಕ್ಕಂಡು ಬರ್ರಲಾ, ಇಲ್ದಿದ್ರೆ ಕೈ ಇಳಿಸಾಕಿಲ್ಲ." ಹೆಲ್ಮೆಟ್ಟಿನ ಕಾನೂನು ಅರಸೀಕೆರೆ ಪೇಟೆಗೆ ಬರುವ ಮೊದಲೇ ಆ ತೋಟಕ್ಕೆ ಬಂದಿತ್ತು.

ಎಳನೀರಿನದೂ ಮೊದಲ ದಿನವೇ ಆದದ್ದು. ಸೋತ ಕುಮಾರಸ್ವಾಮಿ, ಗೆದ್ದವರಿಗೆ ಕೊಡಲು ಬೇರೇನೂ ಇಲ್ಲವೆಂದು ಮರ ಹತ್ತಿ ಎಳನೀರು ಕಿತ್ತು, ತಾನೇ ಕೆತ್ತಿ ನಿಮ್ಮ ಕೈಗಿಟ್ಟ. ಅಲ್ಲಿಂದ ಮುಂದೆ ಸೋತವನು ಗೆದ್ದವನಿಗೆ ಕೆತ್ತಿಕೊಡಬೇಕು. ಒಮ್ಮೆ ನಿಲ್ಲಿಸಲೆಂದು ಬಂದ ಪೊಲೀಸಿನವರೂ ಮರದ ಕೆಳಗೆ ಕೂತು ಕುಡಿದು, ಮುಂದಿನ ಸಲ ಅನುಮತಿ ತೆಗೆದುಕೊಳ್ಳಿ ಎಂದು ಹೇಳಿ ಹೋದರಂತೆ. ಮುಂದಿನ ಸಲದಿಂದ ನೀವು ತೆಗೆದುಕೊಂಡಿರಿ ಕೂಡ. ಆ ಅರ್ಜಿಗಳಲ್ಲಿ ಕೆಲವನ್ನು ನಾನೇ ಬರೆದುಕೊಟ್ಟಿದ್ದೇನೆ.

ನಾನು ಅಲ್ಲಿಗೆ ಹೋದದ್ದು ಎರಡೇ ಸಲ. ಒಮ್ಮೆ ಮೇಧಿನಿ ಕೈಗೂಸಾಗಿದ್ದಾಗ, ಅವಳು ಅತ್ತಳೆಂದು ಬೇಗ ಬಂದೆ. ಇನ್ನೊಮ್ಮೆ ಬೆಂಗಳೂರಿನವರು ದೊಡ್ಡ ಗಾಡಿಗಳನ್ನೂ ಕೆಂಪು ಹಸಿರು ದೀಪಗಳನ್ನೂ ತಂದಾಗ. ಆ ದಿನ ಮಹದೇವಮ್ಮ ಕುರ್ಚಿಯಲ್ಲಿ ಕೂತು ದೀಪದ ಕಡೆ ನೋಡುತ್ತಿದ್ದರು. ಅದಕ್ಕೆ ಬೈಯಲು ಬರುವುದಿಲ್ಲವಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಬೆಂಗಳೂರಿನವರು ಮರುವರ್ಷ ಬರಲಿಲ್ಲ, ದೀಪವೂ ಬರಲಿಲ್ಲ. ಮಹದೇವಮ್ಮ ತೀರಿಕೊಂಡ ಮೇಲೆ ಕೈ ಇಳಿಸುವ ಕೆಲಸ ನಿಮಗೆ ಬಂತು. ನಿಮಗೆ ಬೈಯಲು ಬರುವುದಿಲ್ಲ ಎನ್ನುವುದೊಂದೇ ಎಲ್ಲರ ದೂರು.

ಹೋಗದಿದ್ದರೇನು, ಆ ರಸ್ತೆ ಇರುವುದು ನಮ್ಮ ಹಿತ್ತಲಿನಲ್ಲೇ ಎಂಬಂತೆ ನಾನು ಬದುಕಿದ್ದೇನೆ. ಶನಿವಾರ ಬಂತೆಂದರೆ ಯಾರ್ಯಾರದೋ ಗಾಡಿಗಳು ನಮ್ಮ ಅಂಗಳದಲ್ಲಿ. ನೀವು ಕಾರ್ಬೊರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಕೇಳುವುದು, ಮತ್ತೆ ತಿರುಗಿಸುವುದು. ಮೊದಮೊದಲು ನನಗೆ ತಲೆನೋವು ಬರುತ್ತಿತ್ತು. ಯಾವಾಗಲೋ ಒಂದು ದಿನ ಹುಳಿ ಇಳಿಸುತ್ತ ನಿಂತವಳಿಗೆ, ಈಗ ಸರಿಹೋಯಿತು ಎಂದು ಒಳಗಿನಿಂದಲೇ ಗೊತ್ತಾಯಿತು. ಅದೇ ಕ್ಷಣ ನೀವೂ ಕೈ ತೆಗೆದಿರಿ. ಪೆಟ್ರೋಲು ಹೆಚ್ಚಾದರೆ ಕುದಿಯುವ ಪಾತ್ರೆಯ ಮುಚ್ಚಳ ಅಲುಗಿದ ಹಾಗೆ ತೊದಲುತ್ತದೆ. ಕಡಿಮೆಯಾದರೆ ಎಣ್ಣೆ ಸಾಲದ ಒಗ್ಗರಣೆಯ ಹಾಗೆ ಒಣ ಸದ್ದು. ಸರಿಯಾಗಿದ್ದರೆ ಏನೂ ನೆನಪಾಗುವುದಿಲ್ಲ.

ಆಮೇಲಿನದನ್ನು ನಾವು ಯಾವತ್ತೂ ಮಾತಾಡಿಲ್ಲ. ಹಾಲಿನವನು ಕೂಗಿದ್ದು ನಿಮಗೆ ಕೇಳಿಸದೆ ಹೋಗತೊಡಗಿದ ಕಾಲ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಯ ಮೂಳೆಗೆ ಆನಿಸಿ ಕೇಳುತ್ತಿದ್ದಿರಿ. ಸ್ವಲ್ಪ ಕಾಲ ಅದೂ ನಡೆಯಿತು. ಒಂದು ಶನಿವಾರ ನೀವು ತಲೆಯೆತ್ತಿ ಅಡುಗೆಮನೆಯ ಬಾಗಿಲಲ್ಲಿದ್ದ ನನ್ನನ್ನು ನೋಡಿದಿರಿ. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ನೀವು ತಿರುಪು ತಿರುಗಿಸಿದಿರಿ. ಇನ್ನೂ ಸ್ವಲ್ಪ. ನಾನು ಕೈ ಇಳಿಸಿ ಸರಿಯೆಂದು ತಲೆಯಾಡಿಸಿದೆ, ನೀವು ಕೈ ತೆಗೆದಿರಿ. ಹತ್ತು ವರ್ಷ ಹಾಗೇ ನಡೆಯಿತು. ಸುಂದ್ರಣ್ಣ ಎಂದು ನಿಮ್ಮನ್ನು ಹುಡುಕಿಕೊಂಡು ಬರುವವರ ಮುಂದೆ ನಿಮ್ಮ ಹೆಸರು ಹೋಗಬಾರದೆಂದು ನಾನು ಬಾಗಿಲು ದಾಟಿ ಈಚೆ ಬರಲಿಲ್ಲ. ಶನಿವಾರ ಬೆಳಿಗ್ಗೆ ಅಡುಗೆಯನ್ನು ಮಾತ್ರ ಸ್ವಲ್ಪ ತಡವಾಗಿ ಶುರುಮಾಡುತ್ತಿದ್ದೆ.

ಈಗ ನಿನ್ನೆಯ ವಿಷಯ. ಕೊನೆಯ ಓಟಕ್ಕೆ ಮೊದಲ ದಿನದ ಗಾಡಿಗಳೇ ಓಡಬೇಕೆಂದು ಷಡಕ್ಷರಪ್ಪನವರ ಆಸೆ. ರಾಜದೂತಿನ ಮೇಲೆ ಕುಮಾರಸ್ವಾಮಿಯೇ ಕೂರುತ್ತಾನಂತೆ, ಮಂಡಿ ನೋವಿದ್ದರೂ. ನಿಮ್ಮ ಎಜ್ಡಿಯ ಮೇಲೆ ಅವನ ಮಗಳು ಶಿಲ್ಪಾ. ಅವರ ಕೊಬ್ಬರಿ ವ್ಯಾಪಾರವನ್ನೆಲ್ಲ ಈಗ ನೋಡಿಕೊಳ್ಳುವವಳು ಅವಳೇ, ಗಾಡಿಯನ್ನೂ ಹಾಗೇ ಲೆಕ್ಕಾಚಾರವಾಗಿ ಓಡಿಸುತ್ತಾಳೆ. ನಿಮ್ಮನ್ನು ಕೇಳದೆ ಗಾಡಿ ಕೊಟ್ಟೆ. ಕೊಡಬೇಡ ಎನ್ನುತ್ತಿರಲಿಲ್ಲವಲ್ಲ? ನಿನ್ನೆ ಅಪ್ಪ ಮಗಳು ಇಬ್ಬರೂ ಬೇಲೂರಿನ ಮೆಕ್ಯಾನಿಕ್ಕನ್ನು ಕರೆತಂದು ಟಾರ್ಪಾಲು ತೆಗೆದರು. ಹೊಸ ಪ್ಲಗ್ಗು ಹಾಕಿದರು, ಟ್ಯಾಂಕು ತೊಳೆದರು. ಸ್ಟಾರ್ಟಾಯಿತು, ಓಡಲೂ ಓಡುತ್ತದೆ, ಆದರೆ ಸರಿಯಿಲ್ಲ. ಮುಚ್ಚಳ ಅಲುಗುವ ಸದ್ದು. ಆತ ಒಳ್ಳೆಯ ಹುಡುಗನೇ, ಈ ಕಾಲದ ಗಾಡಿಗಳಲ್ಲಿ ಪಳಗಿದ ಕೈ. ಇಷ್ಟು ಹಳೆಯದನ್ನು ಮುಟ್ಟಿಲ್ಲ ಎಂದು ತಾನೇ ಹೇಳಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಹೊತ್ತಾಯಿತೆಂದು ಗಾಡಿಯನ್ನು ಅಂಗಳದಲ್ಲೇ ಬಿಟ್ಟು ಹೋದರು. "ಆಂಟಿ, ಅಂಕಲ್ ಬಂದಿದ್ರೆ ಎರಡು ನಿಮಿಷದ ಕೆಲ್ಸ" ಎಂದಳು ಶಿಲ್ಪಾ. ಹಾಗೆಯೇ ಓಡಿಸಿದರೆ ಸೋಲುತ್ತದೆ. ನಿಮ್ಮ ಗಾಡಿ ಆ ರಸ್ತೆಯ ಕೊನೆಯ ದಿನ ತೊದಲುತ್ತಾ ಹೋಗುವುದನ್ನು ನೆನೆದರೆ ನನಗೆ ನಿದ್ದೆ ಬರುತ್ತಿಲ್ಲ.

ಮೇಧಿನಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಬೆಳಗಿನ ಹೊತ್ತು ಚಳಿ ಇನ್ನೂ ಇದೆ, ಮಫ್ಲರ್ ಕಟ್ಟಿಕೊಂಡು ನಡೆಯಲು ಹೋಗಿ. ಮಾಲೇಕಲ್ಲಿನ ಸ್ವಾಮಿ ನಿಮ್ಮನ್ನು ನೋಡಿಕೊಳ್ಳಲಿ.

ನಿಮ್ಮ
ಯದುಗಿರಿ

ಲಕೋಟೆ ಅಂಟಿಸುವ ಮೊದಲು ಇಷ್ಟು. ನಿನ್ನೆಯದನ್ನು ಪೂರ್ತಿ ಬರೆಯಲಿಲ್ಲ. ಅವರೆಲ್ಲ ಗೇಟು ದಾಟಿದ ಮೇಲೆ ಕುಮಾರಸ್ವಾಮಿ ಒಬ್ಬನೇ ವಾಪಸು ಬಂದ. ನನ್ನ ಕೈ ಸೊಂಟದ ಮೇಲೇ ಇತ್ತು, ನನಗೆ ಅದರ ಅರಿವಿರಲಿಲ್ಲ. ಅವನು ಅದನ್ನೇ ನೋಡಿ, "ಅತ್ತಿಗಮ್ಮ, ಇನ್ನೂ ಸರಿಯಾಗಿಲ್ಲ ಅಲ್ವಾ?" ಎಂದ. ನಾನು ಕೈ ಇಳಿಸಿದೆ. ಅವನು ತಲೆ ತಗ್ಗಿಸಿ ಚಪ್ಪಲಿ ಮೆಟ್ಟುತ್ತಾ ಹೇಳಿದ: "ನಮ್ಗೆಲ್ಲಾ ಗೊತ್ತೈತೆ. ಸುಂದ್ರಣ್ಣ ಗಾಡಿ ನೋಡಾಕಿಲ್ಲ, ಅಡುಗೆಮನೆ ಬಾಗ್ಲು ನೋಡ್ತಾನೆ. ನಮ್ಮವ್ವ ಇದ್ದಾಗ್ಲೇ ಹೇಳಿದ್ಲು, ಅವನಿಗೆ ಯಾರೂ ಏನೂ ಅನ್ಬ್ಯಾಡ್ರಿ ಅಂತ." ಇಷ್ಟು ವರ್ಷ ನಾನೂ ನೀವೂ ಮುಚ್ಚಿಟ್ಟುಕೊಂಡದ್ದನ್ನು ಅವರೆಲ್ಲ ಸೇರಿ ನಮಗೋಸ್ಕರ ಮುಚ್ಚಿಟ್ಟಿದ್ದರು. ನಿಮಗೆ ನಾಚಿಕೆಯಾಗಬಹುದು. ನನಗೂ ಸಂಜೆಯ ತನಕ ಆಯಿತು, ಆಮೇಲೆ ಹೋಯಿತು.

ಇವತ್ತು ಬೆಳಿಗ್ಗೆ ಡಾಕ್ಟರಿಗೆ ನಾನೇ ಫೋನು ಮಾಡಿದೆ. ಯಂತ್ರ ತೆಗೆದಿಟ್ಟು, ಹತ್ತಿ ಇಟ್ಟು, ಅದರ ಮೇಲೆ ಕಾರ್ಖಾನೆಯವರು ಹಾಕಿಕೊಳ್ಳುವ ದಪ್ಪ ಕಿವಿಮುಚ್ಚಳ ಹಾಕಿದರೆ ಒಂದು ಓಟಕ್ಕೆ ಅಡ್ಡಿಯಿಲ್ಲ, ಮುಗಿದ ಕೂಡಲೇ ಅಲ್ಲಿಂದ ಹೊರಡಬೇಕು ಎಂದರು. ಕಿವಿಮುಚ್ಚಳ ಹಾಸನದಲ್ಲಿ ಸಿಗುತ್ತದೆಂದು ಶಿಲ್ಪಾ ಹೇಳಿದ್ದಾಳೆ. ಶುಕ್ರವಾರ ಬೆಳಗಿನ ರೈಲಿಗೆ ನಾನು ಮೈಸೂರಿಗೆ ಬರುತ್ತೇನೆ, ಶನಿವಾರ ಇಬ್ಬರೂ ಹೊರಡೋಣ. ಮೇಧಿನಿಗೆ ಸಿಟ್ಟು ಬರುತ್ತದೆ, ಅವಳಿಗೆ ನಾನೇ ಹೇಳುತ್ತೇನೆ. ಟಿಕೆಟ್ಟು ಇನ್ನೂ ತೆಗೆಸಿಲ್ಲ, ಆದರೆ ಮನಸ್ಸು ಗಟ್ಟಿಯಾಗಿದೆ. ಎಜ್ಡಿಯನ್ನು ಮನೆಯಲ್ಲಿ ಸರಿಮಾಡುವುದು ಬೇಡ. ತೋಟದಲ್ಲೇ, ಹೊರಡುವ ಗೆರೆಯ ಹತ್ತಿರವೇ ಮಾಡೋಣ. ನೀವು ತಿರುಪು ಹಿಡಿದು ಕೂರಿ. ನಾನು ಎಲ್ಲರ ಮುಂದೆ ನಿಮ್ಮ ಎದುರಿಗೇ ನಿಂತಿರುತ್ತೇನೆ.