ಬಾಳಮ್ಮನ ಅಂಗಡಿ ಮುಂದೆ ಹಾರನ್

ಪರಮೇಶ,

ಇವತ್ತು ಒಂದು ಹುಚ್ಚುತನ ಮಾಡಿದೆ. ಕೇಳಿ ನಗಲು ನೀನೇ ಇಲ್ಲ.

ಊರಿಗೆ ಬಂದಾಗಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಬೆಳಿಗ್ಗೆ ಬಾಡಿಗೆ ಕಾರು ತೆಗೆದುಕೊಂಡು ಜೇವರ್ಗಿಗೆ ಹೋದೆ. ನಮ್ಮ ಬಾಳಮ್ಮನ ಚಹಾದಂಗಡಿ ಮುಂದೆ ನಿಲ್ಲಿಸಿ, ಕುಳಿತಲ್ಲಿಂದಲೇ ಹಾರನ್ ಹೊಡೆದೆ. ನಾನು ಕೆಲಸ ಮಾಡುವ ಮಸ್ಕತ್‌ನಲ್ಲಿ ಹಾಗೇ. ಆ ಬಿಸಿಲಿಗೆ ಯಾರೂ ಕೆಳಗಿಳಿಯುವುದಿಲ್ಲ, ಇಂಜಿನ್ ಬಂದ್ ಮಾಡುವುದಿಲ್ಲ. ಹಾರನ್ ಕೇಳಿದರೆ ಅಂಗಡಿಯವನೇ ಚಹಾ ತಂದು ಕಿಟಕಿಯಲ್ಲಿ ಕೊಡುತ್ತಾನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಕೈ ತಾನಾಗಿಯೇ ಹಾರನ್‌ಗೆ ಹೋಗುತ್ತದೆ. ನೀನು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹಾಗೇ ಕಾರಿನಲ್ಲಿದ್ದೆ. ಬಂದ ಚಹಾ ಪೂರ್ತಿ ಕುಡಿದೆ.

ಬಾಳಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಬಂದಳು. "ಏನಲೇ ಮಸೂದ, ಹಾರನ್ ಹೊಡದ್ರ ಎಮ್ಮಿ ಸರೀತಾವ, ಚಹಾ ಬರಂಗಿಲ್ಲ. ಇಳದು ಬಾ!"

ಇಳಿದೆ. ನಿನ್ನ ನನ್ನ ಹಳೆಯ ರೂಢಿಯಂತೆ ಅವಳು ಒಂದು ಚಹಾವನ್ನು ಎರಡು ಲೋಟಕ್ಕೆ ಹಂಚಿ ಬೆಂಚಿನ ಮೇಲಿಟ್ಟಳು. ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ನಾನು ನಿಂತೇ ಎರಡನ್ನೂ ಕುಡಿದೆ. ಬಾಯಿ ಸುಟ್ಟಿತು.

"ಪರಮೇಶನ ಹೇಣ್ತಿ ಮನ್ಯಾಗೇ ಅದಾಳ. ಮಸೂದಣ್ಣ ಬಂದಾನೇನು ಅಂತ ಕೇಳತಿರ್ತಾಳ," ಎಂದಳು.

"ಈಗ ಅಲ್ಲಿಗೇ ಹೊಂಟೀನ್ರಿ," ಎಂದೆ.

ನಿನ್ನ ಮನೆ ಇರುವುದು ಅಂಗಡಿಯ ಹಿಂದಿನ ಓಣಿಯಲ್ಲೇ, ನಡೆದೇ ಹೋಗಬಹುದಿತ್ತು. ಆ ಕಡೆ ಕಾಲಿಡದೆ ಕಾರಿನ ಹತ್ತಿರ ಬಂದೆ. ಇಂಜಿನ್ ಇನ್ನೂ ಚಾಲೂ ಇತ್ತು.