ಏಳನೇ ಮಹಡಿಯ ಲಿಫ್ಟಿನ ಎದುರು

ಪ್ರೀತಿಯ ದಾದಾ,

ನೀನು ಹೋಗಿ ನಿನ್ನೆಗೆ ವರ್ಷ ತುಂಬಿತು. ಚಿತ್ತಾಕುಲದ ತವರುಮನೆಯಲ್ಲಿ ನಿನ್ನ ವರ್ಷಾಂತಿಕ ಮುಗಿಸಿ ಸಂಜೆ ಬಸ್ಸಿಗೆ ಅಂಕೋಲೆಗೆ ಬಂದೆ. ಈಗ ಮನೆಯಲ್ಲಿ ಯಾರೂ ಇಲ್ಲ, ಬರೆಯಲು ಕೂತಿದ್ದೇನೆ. ನೀನು ಇಪ್ಪತ್ತೆರಡು ವರ್ಷ ಹಡಗಿನಲ್ಲಿದ್ದರೂ ನಿನ್ನ ತಂಗಿಯಾದ ನಾನು ನಿನಗೊಂದು ಕಾಗದ ಬರೆದವಳಲ್ಲ. ಫೋನಿತ್ತಲ್ಲ, ಬರೆಯುವುದೇಕೆ ಅಂದುಕೊಂಡಿದ್ದೆ. ನಿನ್ನ ಹಡಗಿನಲ್ಲಿ ನಾವು ಮಾಡಿದ ಆ ಪ್ರವಾಸದ ನಂತರ ಫೋನಿನಲ್ಲಿ ಹವೆ, ಮೀನು, ಆಯಿಯ ಮಂಡಿನೋವು ಎಲ್ಲ ಮಾತಾಡಿದೆವು. ಒಂದನ್ನು ಬಿಟ್ಟು.

ನೀನು ಫೋನ್ ಮಾಡಿ ಕರೆದ ದಿನ ನೆನಪಾಗುತ್ತದೆ. "ಈ ಸಲ ನಮ್ಮ ಹಡಗ ಮುಂಬೈಗೆ ಬರ್ತದೆ ಶೈಲೂ. ಮುಂಬೈ, ಗೋವಾ, ಕೊಚ್ಚಿ, ಕೊಲಂಬೋ. ಎಲ್ಲಾ ಹಳೇ ಬಂದರು, ನೋಡೂ ಹಾಂಗಿನ ಊರು. ಮನೆಯವ್ರಿಗೆ ಟಿಕೆಟ್ ಸಿಗ್ತದೆ. ಆಯಿನ್ನ ಕರ್ಕಂಡು ಬಾ," ಅಂದೆ. ಸಮುದ್ರದ ಮೀನು ಮಾರಿಯೇ ನಮ್ಮನ್ನು ಸಾಕಿದ ಆಯಿ ಕಾಳಿ ನದಿ ದಾಟುವ ದೋಣಿಗಿಂತ ದೊಡ್ಡದನ್ನು ಹತ್ತಿದವಳಲ್ಲ. ಮರುದಿನವೇ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಹೇಳಿದಳಂತೆ, "ನನ್ನ ಮಗ ಹಡಗದಲ್ಲಿ ಆಫೀಸರ್, ನನ್ನ ಕರ್ಕಂಡು ಹೋಗ್ತಾ." ನೀನೇ ಮನೆಯಲ್ಲಿ ಹಾಗೆ ಹೇಳಿದ್ದೆ. ಎಂಥ ಆಫೀಸರ್ ಎಂದು ನಾವ್ಯಾರೂ ಕೇಳಲಿಲ್ಲ.

ನನ್ನ ಗಂಡ ಮೀನಿನ ಸೀಸನ್ ಬಿಟ್ಟು ಬರಲಾಗದು ಎಂದರು. ಅವರ ಜಾಗದಲ್ಲಿ ನಾದಿನಿ ವಿಮಲಾ ಹೊರಟಳು. ನಿಜ ಹೇಳಲೇ? ಅವಳನ್ನು ಕರೆದದ್ದು ನಾನೇ. ನಿನಗೆ ಗೊತ್ತಲ್ಲ, ನನ್ನ ಗಂಡನದು ಎರಡು ಬೋಟು, ಐಸ್ ಫ್ಯಾಕ್ಟರಿ ಇರುವ ಮನೆ. ನಾನು ಅಲ್ಲಿಗೆ ಬುಟ್ಟಿ ಹೊತ್ತವಳ ಮಗಳಾಗಿ ಬಂದೆ. ಆ ಮನೆಯಲ್ಲಿ ನಾನು ತಲೆ ಎತ್ತಿ ಓಡಾಡಿದ್ದು ನಿನ್ನ ಹೆಸರಿನಿಂದ. ಆ ಹೆಸರನ್ನು ವಿಮಲಾಗೆ ಕಣ್ಣಾರೆ ತೋರಿಸಬೇಕಿತ್ತು ನನಗೆ.

ಮುಂಬೈಯಲ್ಲಿ ಹಡಗು ಹತ್ತಿದ ಮಧ್ಯಾಹ್ನ ನೀನು ನಮ್ಮ ಕೋಣೆಗೆ ಬಂದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದೆ. ಹತ್ತು ನಿಮಿಷವೂ ನಿಲ್ಲಲಿಲ್ಲ, ಕೂರು ಎಂದರೂ ಕೂರಲಿಲ್ಲ. ವಿಮಲಾ ತನ್ನ ಕೋಣೆಯಿಂದ ಬರುವಷ್ಟರಲ್ಲಿ ಹೊರಟುಬಿಟ್ಟಿದ್ದೆ. "ನಾ ಡ್ಯೂಟಿಯಲ್ಲಿ ಇರ್ತೆ, ಹುಡುಕೂಕೆ ಬರಬೇಡಿ," ಎಂದು ಬಾಗಿಲಲ್ಲಿ ನಿಂತು ಹೇಳಿದೆ. "ಕೊಚ್ಚಿಯಲ್ಲಿ ಎರಡು ತಾಸು ರಜೆ ಅದೆ ಆಯಿ. ದಡದಲ್ಲಿ ಮೀನು ಹಿಡಿಯೂ ಚೀನಾ ಬಲೆ ಹತ್ರ ಒಂದು ದೊಡ್ಡ ಮರ ಅದೆ, ಅಲ್ಲಿ ಬನ್ನಿ. ಊರು ನಾನೇ ತೋರಿಸ್ತೆ." ನಿನ್ನ ದನಿಯಲ್ಲಿ ಹೆದರಿಕೆ ಇತ್ತು. ಅದು ನನಗೆ ಆಗಲೇ ಯಾಕೆ ಕೇಳಿಸಲಿಲ್ಲ?

ಗೋವಾ ಬಿಟ್ಟ ಮರುದಿನ ಕಡಲು ಸ್ವಲ್ಪ ಎದ್ದಿತ್ತು. ಆಯಿ ಹಡಗಿನ ಅಂಚಿನ ಕಟಾಂಜನ ಹಿಡಿದು ನಿಂತು, "ನಮ್ಮ ಕಾರವಾರ ಹೋತಾ? ಕಾಣೂದೇ ಇಲ್ವಲ್ಲ," ಎಂದು ಬರೀ ನೀರನ್ನು ನೋಡುತ್ತಿದ್ದಳು. ಆಗಲೇ ನನ್ನ ಮಗಳು ದೀಕ್ಷಾಗೆ ಹೊಟ್ಟೆ ತೊಳೆಸತೊಡಗಿತು. ಅವಳನ್ನು ಕೋಣೆಗೆ ಕರೆದೊಯ್ಯುವಾಗ ಏಳನೇ ಮಹಡಿಯ ಲಿಫ್ಟಿನ ಎದುರು ಕಾರ್ಪೆಟ್ ಮೇಲೆ ವಾಂತಿ ಮಾಡಿಕೊಂಡಳು. ವಿಮಲಾ ಮೂಗಿಗೆ ಸೆರಗು ಹಿಡಿದು ಪಕ್ಕಕ್ಕೆ ಸರಿದಳು. ಯಾರೋ ಫೋನ್ ಮಾಡಿದರು. ಬೂದು ಬಣ್ಣದ ಸಮವಸ್ತ್ರ, ಟೋಪಿ, ಮಾಸ್ಕ್ ಹಾಕಿದ ಒಬ್ಬ ಬಕೆಟ್ಟು, ಬಟ್ಟೆ ಹಿಡಿದು ಬಂದು ಮಂಡಿಯೂರಿದ.

ನೀನು ಮೊದಲು ಮಗುವನ್ನು ನೋಡಿದೆ. ಆಮೇಲೆ ನನ್ನನ್ನು. ಕಣ್ಣು ಮಾತ್ರ ಕಾಣುತ್ತಿತ್ತು, ಅದು ನಮ್ಮ ಅಪ್ಪನ ಕಣ್ಣು. "ಮಾಮಾ..." ಎಂದಳು ದೀಕ್ಷಾ. ನಾನು ಅವಳ ಬಾಯಿ ಮುಚ್ಚಿದೆ ದಾದಾ. ಅಂಗೈಯಲ್ಲಿ ಮುಚ್ಚಿದೆ. ವಿಮಲಾ ನಿನ್ನನ್ನು ನೋಡಿದ್ದು ನನ್ನ ಮದುವೆಯಲ್ಲಿ ಒಮ್ಮೆ, ಅವಳಿಗೆ ಗುರುತು ಸಿಗಲಿಲ್ಲ. ನೀನು ತಲೆ ತಗ್ಗಿಸಿ ಒರೆಸತೊಡಗಿದೆ. ಲಿಫ್ಟ್ ಬಂತು. ನಾನು "ಥ್ಯಾಂಕ್ಯೂ" ಅಂದೆ. ನೀನು ನೆಲ ನೋಡುತ್ತಲೇ, "ವೆಲ್‌ಕಮ್ ಮೇಡಮ್," ಅಂದೆ.

ಆ ಒಂದು ಗಳಿಗೆಯಲ್ಲಿ ನಾನು ಏನು ಮಾಡಬಹುದಿತ್ತು ಎಂದು ಎಷ್ಟು ಸಲ... ಬಿಡು. ನಿನಗೆ ಅದು ತಿಳಿದು ಏನಾಗಬೇಕು?

ಕೊಚ್ಚಿಯಲ್ಲಿ ಇಳಿದ ಬೆಳಿಗ್ಗೆ ಆಯಿ ಹೊಸ ಸೀರೆ ಉಟ್ಟಿದ್ದಳು, ನೀನು ಬರುತ್ತೀ ಎಂದು. "ದಾದಾಗೆ ರಜೆ ಸಿಗಲಿಲ್ವಂತೆ ಆಯಿ," ಅಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಹೌದಾ," ಅಂದಳು. ನಮ್ಮ ಆಟೋ ಕಡಲ ಬದಿಯ ರಸ್ತೆಯಲ್ಲೇ ಹೋಯಿತು. ಆ ದೊಡ್ಡ ಮರದ ಕೆಳಗೆ ಅದೇ ಬಿಳಿ ಶರ್ಟು ಹಾಕಿ ನೀನು ನಿಂತಿದ್ದೆ. ಆಯಿ ಇನ್ನೊಂದು ಬದಿಗೆ ಕೂತಿದ್ದಳು. ಆಟೋದವನಿಗೆ ಮೊದಲು ಮಟ್ಟಾಂಚೇರಿಯ ಅರಮನೆಗೆ ಹೋಗು ಎಂದೆ. ಅರಮನೆ ನೋಡಿದೆವು, ಕ್ರೈಸ್ತರ ಹಳೆಯ ಇಗರ್ಜಿ ನೋಡಿದೆವು, ಕಾಳುಮೆಣಸು ಏಲಕ್ಕಿ ಮಾರುವ ಗಲ್ಲಿಯಲ್ಲಿ ತಿರುಗಿದೆವು. ಯಾವುದೂ ನೆನಪಿಲ್ಲ. ಚೀಲದಲ್ಲಿ ಫೋನು ನಡುಗುತ್ತಿದ್ದದ್ದು ನೆನಪಿದೆ.

ನಾವು ಚೀನಾ ಬಲೆಯ ಹತ್ತಿರ ಬಂದಾಗ ಮರದ ಕೆಳಗೆ ಯಾರೂ ಇರಲಿಲ್ಲ. ಆಯಿ ಬಲೆ ಎತ್ತುವುದನ್ನು ನೋಡಿ, "ಇಷ್ಟು ದೊಡ್ಡ ಬಲೆಗೆ ಇಷ್ಟೇ ಮೀನಾ," ಅಂದಳು. "ಅವ ಇದ್ದಿದ್ರೆ..." ಎಂದು ಆ ಮರದ ಕಡೆ ತಿರುಗಿದಳು. ನಿನ್ನ ಸಂದೇಶ ನಾನು ಓದಿದ್ದು ಹಡಗಿಗೆ ಮರಳಿದ ಮೇಲೆ. "ಎರಡು ತಾಸು ಆತು. ಹೋಗ್ತೆ. ಮಗೀಗೆ ಹುಷಾರಾತಾ?" ನಾನು ಅದಕ್ಕೂ ಉತ್ತರ ಕೊಡಲಿಲ್ಲ. ಕೊಲಂಬೋದಲ್ಲಿ ತಲೆನೋವು ಎಂದು ಇಳಿಯಲೇ ಇಲ್ಲ.

ನಾಲ್ಕು ತಿಂಗಳಿಗೆ ಹಡಗಿನ ಕಚೇರಿಯಿಂದ ಫೋನ್ ಬಂತು. ಎದೆನೋವು, ಯಾವುದೋ ದೂರದ ಬಂದರಿನ ಆಸ್ಪತ್ರೆ. ನಿನ್ನನ್ನು ಗೋವಾದಿಂದ ಪೆಟ್ಟಿಗೆಯಲ್ಲಿ ತಂದರು. ಹನ್ನೆರಡನೇ ದಿನಕ್ಕೆ ಹಡಗಿನಲ್ಲಿ ನಿನ್ನ ಕೋಣೆಯ ಜೊತೆಗಾರ, ಗೋವಾ ಗಡಿಯ ಕಾಣಕೋಣದವನು, ನಿನ್ನ ಸೂಟ್‌ಕೇಸ್ ಹೊತ್ತು ಬಂದ. ನನ್ನನ್ನು ನೋಡಿ, "ಶೈಲಾ ಅಂದ್ರೆ ನೀವೇ ಅಲ್ಲವಾ?" ಎಂದ. "ನಿಮ್ಮ ವಿಷಯ ಬಹಳ ಹೇಳ್ತಿದ್ದ. ಅವ ನೆಲ ಒರೆಸ್ತಾ ಇದ್ದಾಗ ಎಲ್ಲರ ಮುಂದೆ ನೀವು ಅವನನ್ನ ಅಪ್ಪಿಕಂಡ್ರಂತೆ. ಕೊಚ್ಚಿಯಲ್ಲಿ ಆಯಿಗೆ ಊರೆಲ್ಲಾ ತೋರಿಸಿದನಂತೆ."

ನಾನು ಹೌದು ಎಂದೆ. ಅವನಿಗೆ ಚಹಾ ಮಾಡಿ ಕೊಟ್ಟೆ. ಬೇರೆ ಏನು ಹೇಳಲಿ?

ನಿನ್ನೆ ಊಟಕ್ಕೆ ಎಲೆ ಹಾಕಿದಾಗ ವಿಮಲಾ ಪಕ್ಕದವರಿಗೆ, "ಇವಳ ಅಣ್ಣ ಹಡಗದಲ್ಲಿ ದೊಡ್ಡ ಆಫೀಸರ್ ಆಗಿದ್ದ. ಅಲ್ವಾ ಶೈಲಾ?" ಎಂದಳು. ಈ ಸಲ ಹೇಳಿಯೇ ಬಿಡುತ್ತೇನೆಂದು ವರ್ಷವಿಡೀ ಅಂದುಕೊಂಡಿದ್ದೆ. ಬಾಯಿಯಿಂದ ಬಂದದ್ದು "ಹೌದು". ದೀಕ್ಷಾ ತುತ್ತು ಎಲೆಗೆ ಹಾಕಿ ಎದ್ದು ಹೊರಗೆ ಹೋದಳು. ಆಯಿ ಅನ್ನ ಬಡಿಸುತ್ತಿದ್ದಳು. "ಆಫೀಸರ್ ಅಲ್ಲ. ಹಡಗದ ನೆಲ ಒರೆಸೂ ಕೆಲಸ," ಎಂದವಳು ಮುಂದಿನ ಎಲೆಗೆ ಹೋಗಿ, "ಅನ್ನ ಹಾಕಲಾ?" ಎಂದು ಕೇಳಿದಳು.

ಎಲ್ಲರೂ ಹೋದ ಮೇಲೆ ಆಯಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. "ನಿಂಗೆ ಯಾವಾಗಿಂದ ಗೊತ್ತು?" ಎಂದು ಕೇಳಿದೆ.

"ಅವ ಸೇರಿ ಎರಡನೇ ವರ್ಷಕ್ಕೇ. ಸದಾಶಿವಗಡದವ ಒಬ್ಬ ಅದೇ ಹಡಗದಲ್ಲಿ ಇದ್ದಿದ್ದ, ಮಾರ್ಕೆಟ್ಟಿಗೆ ಬಂದು ಹೇಳ್ದ."

"ಮತ್ತೆ ಆಫೀಸರ್ ಅಂತ ಊರಿಗೆಲ್ಲಾ ಯಾಕೆ ಹೇಳ್ತಿದ್ದೆ?"

"ಅವಂಗೆ ಹಾಂಗೆ ಹೇಳಬೇಕಂತ ಇತ್ತು. ನಾ ಹೇಳ್ದೆ." ಆಮೇಲೆ ಕೈ ನಿಲ್ಲಿಸಿ ಕೇಳಿದಳು, "ಕೊಚ್ಚಿಯಲ್ಲಿ ಅವಂಗೆ ಖರೇ ರಜೆ ಇರಲಿಲ್ವಾ?"

ಆಯಿಗೆ ಸುಳ್ಳು ಹೇಳಲಾಗಲಿಲ್ಲ ದಾದಾ. ಇತ್ತು, ಮರದ ಕೆಳಗೆ ಕಾದಿದ್ದ, ನಾನು ನೋಡಿದ್ದೆ, ಎಂದೆ. ಲಿಫ್ಟಿನ ಎದುರು ನಡೆದದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ. ತೊಳೆದಿಟ್ಟ ಚರಿಗೆಯನ್ನೇ ತೆಗೆದು ಮತ್ತೆ ತೊಳೆದಳು. "ಬಸ್ಸಿಗೆ ಹೊತ್ತಾತು, ಹೋಗು," ಅಂದಳು. ಮತ್ತೆ ಯಾವಾಗ ಬರ್ತೀ ಎಂದು ಕೇಳಲಿಲ್ಲ. ದೀಕ್ಷಾ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ನಿನ್ನ ಕಿವಿಗೆ ಬೀಳದ ಸುದ್ದಿ ಇದೇ. ನೀನು ಏನೆಂದು ಆಯಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ನಾನು ಏನೆಂದು ನಿನ್ನೆ ಗೊತ್ತಾಯಿತು.